ಗಾಡಿ ಬಾರದ ದಾರಿ

ತುಮರಿ ಸೀಮೆಗೆ ನಾನು ಮೊದಲ ಸಲ ಸೈಕಲ್ ತೆಗೆದುಕೊಂಡು ಹೋದದ್ದು 2019ರ ಡಿಸೆಂಬರಿನಲ್ಲಿ. ಅಂಬಾರಗೋಡ್ಲಿನ ಕಡವಿನಲ್ಲಿ ಲಾಂಚಿಗೆ ಕಾಯುವವರ ಸಾಲಿತ್ತು. ಸಿಗಂದೂರಿಗೆ ಹೊರಟ ಎರಡು ಟೆಂಪೋ ಟ್ರಾವೆಲರ್, ಒಂದು ಬಸ್ಸು, ಹಿಂಡಿ ಮೂಟೆ ಹೇರಿಕೊಂಡ ಪಿಕಪ್ಪು, ಅವುಗಳ ಬಾಲಕ್ಕೆ ನಾನು. ಪಿಕಪ್ಪಿನ ಡ್ರೈವರು ಇಳಿದು ಬಂದು ನನ್ನ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದ. ಟೈರು ಒತ್ತಿದ. ‘ಗಾಳಿ ಕಮ್ಮಿ ಇದೆಯಲ್ಲ ಮಾರಾಯ್ರೆ’ ಅಂದ. ‘ಇದಕ್ಕೆ ಇಷ್ಟೇ’ ಅಂದೆ. ‘ಎಷ್ಟು ಕೊಟ್ರಿ?’ ಅಂತ ಕೇಳಿದ. ನಾನು ನಿಜ ಬೆಲೆಯ ಅರ್ಧ ಹೇಳಿದೆ. ಅವನು ಒಂದು ಕ್ಷಣ ನೀರಿನ ಕಡೆ ನೋಡಿ, ‘ಇನ್ನೊಂಚೂರು ಹಾಕಿದ್ರೆ ಹಳೇ ಸ್ಪ್ಲೆಂಡರ್ ಬರ್ತಿತ್ತು’ ಎಂದು ನನಗಾಗಿ ಮನಸಾರೆ ಮರುಗಿದ.

ಅವನು ಮರುಗಿದ್ದು ತಪ್ಪಲ್ಲ. ಅದು ಗ್ರಾವೆಲ್ ಬೈಕು. ನೋಡಲಿಕ್ಕೆ ರೇಸ್ ಸೈಕಲ್ಲಿನ ಹಾಗೆ ಬಗ್ಗಿದ ಹ್ಯಾಂಡಲ್ಲು, ಆದರೆ ಟೈರು ಮಾತ್ರ ದಪ್ಪ, ನನ್ನದರಲ್ಲಿ 42 ಮಿಲಿಮೀಟರ್. ಒಳಗೆ ಟ್ಯೂಬಿಲ್ಲ, ಗಾಳಿ ಕಡಿಮೆ. ಕಲ್ಲು ಸಿಕ್ಕರೆ ಟೈರು ಅದರ ಮೇಲೆ ಪುಟಿಯದೆ ಅದನ್ನು ಸವರಿಕೊಂಡು ಹೋಗಬೇಕು ಎನ್ನುವುದು ಲೆಕ್ಕ. ಡಾಂಬರು ರಸ್ತೆಯಲ್ಲಿ ಇದರಿಂದ ಹೆಚ್ಚೇನೂ ಲಾಭವಿಲ್ಲ. ಇದನ್ನು ಕೊಳ್ಳುವವರು ಡಾಂಬರಿನಿಂದ ಓಡಿಹೋಗಲಿಕ್ಕೆಂದೇ ಕೊಳ್ಳುತ್ತಾರೆ. ನಾನೂ ಹಾಗೇ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಆರು ವರ್ಷ ಸೈಕಲ್ ತುಳಿದು ಆಫೀಸಿಗೆ ಹೋದವನಿಗೆ ಹಿಂದಿನಿಂದ ಬರುವ ಪ್ರತಿ ಇಂಜಿನ್ ಸದ್ದಿಗೂ ಹೆಗಲು ಬಿಗಿಯುವ ರೋಗ ಬಂದಿರುತ್ತದೆ. ನನಗೆ ಬೇಕಾಗಿದ್ದದ್ದು ಗಾಡಿ ಬಾರದ ದಾರಿ. ಅಷ್ಟೇ.

ಅದು ಎಲ್ಲಿದೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ನನ್ನ ಅಮ್ಮನ ತವರು ತುಮರಿಯಿಂದ ಒಳಗೆ, ಕರೂರು ಹೋಬಳಿಯ ಒಂದು ಐದು ಮನೆಗಳ ಕೇರಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತ ಮೇಲೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳು ಉಳಿದ ಊರುಗಳಿಂದ ಕಡಿದುಹೋದವು. ಜನ ದ್ವೀಪ ಅನ್ನುತ್ತಾರೆ. ಸರಿಯಾಗಿ ನೋಡಿದರೆ ದ್ವೀಪವಲ್ಲ, ಪಶ್ಚಿಮಕ್ಕೆ ಘಟ್ಟದ ಕಾಡಿನೊಳಗೆ ಕೋಗಾರಿನ ಕಡೆಗೂ ನಾಗೋಡಿಯ ಕಡೆಗೂ ನೆಲದ ದಾರಿ ಇದೆ. ಆದರೆ ಸಾಗರದ ಪೇಟೆಗೆ, ಕೋರ್ಟಿಗೆ, ಆಸ್ಪತ್ರೆಗೆ, ಮಂಡಿಗೆ ಹೋಗಬೇಕಾದವನಿಗೆ ಎದುರಿಗೆ ಇರುವುದು ನೀರೇ. ಆ ಸೀಮೆಯಲ್ಲಿ 1819 ಅಂದರೆ ಯಾರೂ ಅದನ್ನು ಇಸವಿ ಅಂದುಕೊಳ್ಳುವುದಿಲ್ಲ. ಅದು ಅಣೆಕಟ್ಟು ತುಂಬಿದಾಗಿನ ನೀರಿನ ಮಟ್ಟ, ಅಡಿಗಳಲ್ಲಿ. ಅದಕ್ಕಿಂತ ಕೆಳಗಿದ್ದದ್ದು ಹೋಯಿತು, ಮೇಲಿದ್ದದ್ದು ಉಳಿಯಿತು. ನನ್ನ ಅಜ್ಜನ ಗದ್ದೆ ಕೆಳಗಿತ್ತು, ಸೊಪ್ಪಿನ ಬೆಟ್ಟ ಮೇಲಿತ್ತು. ಅಜ್ಜನ ತಮ್ಮ ಕೊಟ್ಟ ಜಾಗ ತೆಗೆದುಕೊಂಡು ಶಿವಮೊಗ್ಗದ ಹತ್ತಿರ ಹೋದ. ಅಜ್ಜ ಸೊಪ್ಪಿನ ಬೆಟ್ಟದ ತಲೆಯಲ್ಲಿ ಮನೆ ಕಟ್ಟಿ, ಅದರ ಬುಡದ ಕಣಿವೆಯಲ್ಲಿ ಹೊಸದಾಗಿ ಅಡಿಕೆ ಇಟ್ಟ.

ಈಗ ಆ ಮನೆಯಲ್ಲಿರುವವರು ಸೋದರಮಾವ ಮತ್ತು ಅತ್ತೆ.

ಲಾಂಚು ಇಳಿದ ಮೇಲಿನ ಹತ್ತು ನಿಮಿಷ ಮಾತ್ರ ಅಲ್ಲಿನ ರಸ್ತೆ ರಸ್ತೆಯ ಹಾಗಿರುತ್ತಿತ್ತು. ಸಿಗಂದೂರಿನ ಗಾಡಿಗಳೆಲ್ಲ ಒಂದರ ಹಿಂದೊಂದು ಹೋಗಿಬಿಟ್ಟರೆ ಮುಂದಿನ ಲಾಂಚಿನ ತನಕ ಮೌನ. ಮುಖ್ಯ ರಸ್ತೆ ಬಿಟ್ಟು ಎಡಕ್ಕೋ ಬಲಕ್ಕೋ ತಿರುಗಿದರೆ ಆ ಹತ್ತು ನಿಮಿಷವೂ ಇಲ್ಲ. ಬೆಟ್ಟದ ಸೊಂಟ ಸುತ್ತಿಕೊಂಡು ಹೋಗುವ ಕೆಂಪು ಮಣ್ಣಿನ ದಾರಿಗಳು, ಒಂದು ಕೇರಿಯಿಂದ ಇನ್ನೊಂದು ಕೇರಿಗೆ, ಕೇರಿಯಿಂದ ತೋಟಕ್ಕೆ, ತೋಟದಿಂದ ಹಿನ್ನೀರಿನ ಅಂಚಿಗೆ. ಎಷ್ಟೋ ದಾರಿಗಳು ನೀರಿನಲ್ಲೇ ಮುಗಿಯುತ್ತವೆ. ಮುಗಿಯುತ್ತವೆ ಅಂದರೆ ಸರಿಯಲ್ಲ, ನೀರಿನೊಳಗೆ ಇಳಿದು ಹೋಗುತ್ತವೆ.

ಈ ದಾರಿಗಳ ಮೈಯೆಲ್ಲ ಜಂಬಿಟ್ಟಿಗೆ. ನೆಲದೊಳಗೆ ಇರುವಾಗ ಕೊಡಲಿಗೆ ಸಿಕ್ಕುವಷ್ಟು ಮೆದು, ಗಾಳಿಗೆ ಬಂದು ಒಣಗಿದರೆ ಕಲ್ಲು. ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎನ್ನುವ ಹೆಸರನ್ನು ಇದಕ್ಕೆ ಕೊಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ. ಅದಕ್ಕೂ ಕೆಲವು ವರ್ಷ ಮುಂಚೆ ಅವನು ಇದೇ ಇಕ್ಕೇರಿ, ಸಾಗರದ ಮೇಲೆ ಹಾದುಹೋಗಿದ್ದ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮವರು ಅವನನ್ನು ಕೇಳದೆಯೇ ಇಟ್ಟಿಗೆ ಅಂತ ಕರೆದಾಗಿತ್ತು. ಸೈಕಲ್ಲಿನವನಿಗೆ ಇದರಲ್ಲಿ ಎರಡು ಸಂಗತಿ ಮುಖ್ಯ. ಗಟ್ಟಿಯಾಗಿ ಕೂತ ಜಂಬಿಟ್ಟಿಗೆ ನೆಲದಷ್ಟು ಹಿತವಾದ ಸವಾರಿ ಬೇರೆ ಇಲ್ಲ, ಟೈರಿನ ಕೆಳಗೆ ಸಣ್ಣದಾಗಿ ಹಪ್ಪಳ ಮುರಿದಂಥ ಸದ್ದು ಬರುತ್ತದೆ. ಮಳೆಗೆ ಕೊಚ್ಚಿ ಬಂದು ತಿರುವುಗಳಲ್ಲಿ ರಾಶಿಬಿದ್ದ ಅದರದೇ ಉರುಟು ಹರಳು ಮಾತ್ರ ರಾಗಿಯ ಮೇಲೆ ನಡೆದ ಹಾಗೆ. ಅಲ್ಲಿ ಮುಂದಿನ ಬ್ರೇಕು ಹಿಡಿಯಬಾರದು. ಈ ಎರಡನೆಯದನ್ನು ನಾನು ಓದಿ ತಿಳಿದಿದ್ದೆ.

ಒಳ್ಳೆಯ ಕಾಲ ಅಂದರೆ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಆ ದಾರಿಗಳು ಹಳ್ಳಗಳು. ಬೇಸಿಗೆಯಲ್ಲಿ ಧೂಳು. ಆದರೆ ಆ ಒಳ್ಳೆಯ ಕಾಲವೇ ಉಣುಗಿನ ಕಾಲ. ನಾನು ಹೋದ ವರ್ಷಕ್ಕೆ ಹಿಂದಿನ ಚಳಿಗಾಲದಲ್ಲಿ ಇದೇ ತಾಲ್ಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆಗೆ ಜನ ಸತ್ತಿದ್ದರು. ಹಾಗಾಗಿ ಅತ್ತೆ ಬೆಳಗ್ಗೆ ದೋಸೆಯ ಜೊತೆಗೇ ಒಂದು ಬಾಟಲಿ ತಂದಿಡುತ್ತಿದ್ದಳು, ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ. ಕಾಲಿಗೆ, ಕೈಗೆ, ಕತ್ತಿಗೆ ಬಳಿದುಕೊಂಡದ್ದನ್ನು ನೋಡಿಯೇ ಅಂಗಳ ದಾಟಲು ಬಿಡುತ್ತಿದ್ದದ್ದು. ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿಯ ಸೈಕ್ಲಿಂಗ್ ಉಡುಪು ಕೊಂಡಿದ್ದವನು ಅಲ್ಲಿ ಅದರ ಮೇಲೆ ಆ ಎಣ್ಣೆಯ ವಾಸನೆ ಹೊತ್ತುಕೊಂಡು, ಮಾವನ ಹಳೆಯ ಉದ್ದ ಸಾಕ್ಸು ಏರಿಸಿಕೊಂಡು ಹೊರಡುತ್ತಿದ್ದೆ. ಅಭಯಾರಣ್ಯದ ಗಡಿಯೊಳಗೆ ಹೋಗಬೇಡ ಎನ್ನುವುದು ಮಾವನ ಒಂದೇ ಕಟ್ಟಪ್ಪಣೆ. ಸಿಂಗಳೀಕಗಳಿಗೆ ತೊಂದರೆಯಾಗುತ್ತದೆ ಅಂತಲ್ಲ, ಗಾರ್ಡು ಹಿಡಿದರೆ ಬಿಡಿಸಲಿಕ್ಕೆ ತಾನು ಹೋಗಬೇಕಾಗುತ್ತದೆ ಅಂತ.

ಮೂರು ಚಳಿಗಾಲ ಹೀಗೆ ಹೋದವು, ನಡುವೆ ಕೊರೊನಾದ ಒಂದು ವರ್ಷ ಬಿಟ್ಟು. ನನಗೆ ಆ ದಾರಿಗಳೆಲ್ಲ ಅಂಗೈಗೆರೆಯಂತೆ ಗೊತ್ತಾದವು. ಬೆಳಗಿನ ಮಂಜು ಹಿನ್ನೀರಿನಿಂದ ಎದ್ದು ತೋಟದ ತಲೆಯ ಮೇಲೆ ನಿಂತಿರುವಾಗ ಹೊರಟರೆ, ಅಕೇಶಿಯಾ ನೆಡುತೋಪಿನ ಒಣ ಬೋಳು ವಾಸನೆ ಮುಗಿದು ಕಾನಿನ ತಣ್ಣನೆ ವಾಸನೆ ಶುರುವಾಗುವ ಜಾಗವನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು ಬೆಳಗ್ಗೆ ನಲವತ್ತು ಕಿಲೋಮೀಟರ್ ತುಳಿದೆ, ಎದುರಾದದ್ದು ಒಂದು ಬೈಕು, ಹನ್ನೊಂದು ದನ, ಶಾಲೆಗೆ ಹೊರಟ ನಾಲ್ಕು ಮಕ್ಕಳು. ಮನೆಗೆ ಬಂದು ಈ ಲೆಕ್ಕವನ್ನು ಮಾವನ ಮುಂದೆ ಒಪ್ಪಿಸಿದೆ. ‘ಮಾವ, ನಿಮ್ಮೂರಿನ ಹಾಗಿನ ದಾರಿ ಎಲ್ಲೂ ಇಲ್ಲ. ನಲವತ್ತು ಕಿಲೋಮೀಟರಿಗೆ ಒಂದೇ ಗಾಡಿ!’

ಮಾವ ಕವಳ ಹಾಕಿಕೊಳ್ಳುತ್ತಿದ್ದ. ಎಲೆಯ ನರ ತೆಗೆದು, ಸುಣ್ಣ ಸವರಿ, ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿದ ಮೇಲೆ ಹೇಳಿದ: ‘ಗಾಡಿ ಇಲ್ಲೆ ಹೇಳಿ ನಿಂಗೆ ಖುಷಿ ತಮಾ. ಗಾಡಿ ಇಲ್ಲೆ ಹೇಳೇ ಯಂಗೆ ಬೇಜಾರು.’ ಅಷ್ಟು ಹೇಳಿ ಉಗಿಯಲಿಕ್ಕೆ ಎದ್ದು ಹೋದ. ನಾನು ಅದನ್ನು ಒಂದು ಒಳ್ಳೆಯ ಮಾತು ಅಂತ ನೆನಪಿಟ್ಟುಕೊಂಡೆ. ಬೆಂಗಳೂರಿನಲ್ಲಿ ಗೆಳೆಯರಿಗೆ ಹೇಳಿ ನಗಿಸಿದೆ ಕೂಡ.

ನಾನು ಬಿದ್ದದ್ದು 2023ರ ಜನವರಿಯಲ್ಲಿ. ಸಂಜೆ ಐದಕ್ಕೆ ಹತ್ತು ನಿಮಿಷ ಇತ್ತು, ಕೈಗಡಿಯಾರದಲ್ಲಿ ದಾಖಲಾಗಿದೆ. ಮನೆಯಿಂದ ಆರೇಳು ಕಿಲೋಮೀಟರ್ ದೂರದ ಒಂದು ಇಳಿಜಾರು, ತಿರುವಿನಲ್ಲಿ ಒಣ ದರಗೆಲೆ, ದರಗೆಲೆಯ ಕೆಳಗೆ ಆ ಉರುಟು ಹರಳು. ಓದಿ ತಿಳಿದಿದ್ದದ್ದು ಬೆರಳಿಗೆ ತಿಳಿದಿರಲಿಲ್ಲ, ಮುಂದಿನ ಬ್ರೇಕನ್ನೇ ಹಿಡಿಯಿತು. ಎಡ ಹೆಗಲ ಮೇಲೆ ಬಿದ್ದೆ. ಎದ್ದು ಕೂತಾಗ ಕುತ್ತಿಗೆಯ ಪಕ್ಕದ ಮೂಳೆ ಚರ್ಮದ ಅಡಿಯಲ್ಲಿ ಡೇರೆಯ ಕಂಬದ ಹಾಗೆ ಎದ್ದು ನಿಂತಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅಲ್ಲಿ ಸಿಗ್ನಲ್ ಸಿಕ್ಕುವ ಜಾಗಗಳಿಗೆ ಹೆಸರುಗಳಿವೆ, ಜನ ಅಲ್ಲಿಗೆ ಹೋಗಿ ನಿಂತು ಮಾತಾಡುತ್ತಾರೆ. ನಾನು ಬಿದ್ದ ಜಾಗ ಅಂಥದ್ದಲ್ಲ.

ನಡೆಯಲು ನೋಡಿದೆ. ಪ್ರತಿ ಹೆಜ್ಜೆಗೂ ಮೂಳೆಯ ಎರಡು ತುದಿ ಒಂದಕ್ಕೊಂದು ತಾಗುತ್ತಿದ್ದವು. ಮತ್ತೆ ಕೂತೆ. ಕೂತು ಕಿವಿಗೊಟ್ಟೆ. ಮೂರು ವರ್ಷ ಯಾವ ಸದ್ದು ಇಲ್ಲದ ದಾರಿಯನ್ನು ಹುಡುಕಿಕೊಂಡು ಬರುತ್ತಿದ್ದೆನೋ ಈಗ ಅದೇ ಸದ್ದು ಒಂದಾದರೂ ಬರಲಿ ಅಂತ ಕಾದೆ. ಎಲ್ಲೋ ದೂರದಲ್ಲಿ ಇಂಜಿನ್ ಗುಡುಗುಟ್ಟಿತು. ಕೈಯೆತ್ತಲಿಕ್ಕೆ ತಯಾರಾಗಿ ಎದ್ದು ನಿಂತೆ. ಅದು ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. ಯಾರದೋ ತೋಟದ ಪಂಪ್‌ಸೆಟ್ಟು. ಮಡಿವಾಳ ಹಕ್ಕಿ ಕೂಗಿತು. ಅದಕ್ಕಿಂತ ಕ್ರೂರವಾದ ಹಕ್ಕಿಯ ಕೂಗು ನಾನು ಕೇಳಿಲ್ಲ.

ಕೊನೆಗೆ ಬಂದದ್ದು ಸೊಪ್ಪಿನ ಹೊರೆ ಹೊತ್ತ ಒಬ್ಬ ಹೆಂಗಸು. ಹೊರೆ ಇಳಿಸಿ, ಯಾರ ಮನೆಯ ಪೈಕಿ ಅಂತ ಮೊದಲು ಕೇಳಿದಳು. ಮಾವನ ಹೆಸರು ಹೇಳಿದೆ. ಹೊರೆ ಕಟ್ಟಿದ್ದ ಬಟ್ಟೆ ಬಿಚ್ಚಿ ನನ್ನ ಕೈಯನ್ನು ಎದೆಗೆ ಕಟ್ಟಿದಳು, ಎಷ್ಟು ಸರಿಯಾಗಿ ಅಂದರೆ ಆಮೇಲೆ ಆಸ್ಪತ್ರೆಯಲ್ಲಿ ‘ಯಾರು ಕಟ್ಟಿದ್ದು?’ ಅಂತ ಕೇಳಿದರು. ಅವಳ ಮಗ ಬೆಟ್ಟ ಹತ್ತಿ, ಫೋನು ಸಿಕ್ಕುವಲ್ಲಿ ನಿಂತು ಮಾವನಿಗೆ ತಿಳಿಸಿದ. ಮಾವ ಪಕ್ಕದ ಕೇರಿಯ ಜೀಪು ಮಾಡಿಸಿಕೊಂಡು ಬರುವಷ್ಟರಲ್ಲಿ ಪೂರ್ತಿ ಕತ್ತಲೆ. ಸಂಜೆಯ ಕೊನೆಯ ಲಾಂಚು ಹೋಗಿ ಆಗಿತ್ತು. ಇನ್ನು ಸಾಗರಕ್ಕೆ ಒಂದೇ ದಾರಿ. ಕಟ್ಟಿನಕಾರು, ಕೋಗಾರು, ಕಾರ್ಗಲ್, ತಾಳಗುಪ್ಪ. ನೀರಿನ ಮೇಲೆ ಇಪ್ಪತ್ತು ನಿಮಿಷದ ಆಚೆ ದಡಕ್ಕೆ ಕಾಡಿನ ಸುತ್ತು.

ಆ ರಾತ್ರಿಯ ಹೊಂಡಗಳನ್ನೆಲ್ಲ ನಾನು ಎಣಿಸಿದ್ದೇನೆ, ಅದನ್ನು ಬರೆದು ಫಲವಿಲ್ಲ. ಬರೆಯಬೇಕಾದದ್ದು ಬೇರೆ. ಜೀಪು ಕೇರಿ ಕೇರಿ ದಾಟುವಾಗ ಪ್ರತಿ ಮನೆಯಲ್ಲೂ ದೀಪ ಹತ್ತಿತು. ಕೆಲವು ಮನೆಗಳಲ್ಲಿ ಆಗಲೇ ಹತ್ತಿತ್ತು, ಜನ ಬಂದು ದಣಪೆಯ ಬಳಿ ಟಾರ್ಚು ಹಿಡಿದು ನಿಂತಿದ್ದರು. ಡ್ರೈವರು ನಿಧಾನ ಮಾಡುತ್ತಿದ್ದ. ನಿಂತವರು ಕೇಳುತ್ತಿದ್ದದ್ದು ಒಂದೇ ಮಾತು: ‘ಯಾರಿಗೆ?’ ಏನಾಯಿತು ಅಂತಲ್ಲ, ಎಲ್ಲಿಗೆ ಅಂತಲ್ಲ. ಯಾರಿಗೆ. ಮಾವ ಪ್ರತಿ ಸಲವೂ ಕತ್ತು ಹೊರಗೆ ಹಾಕಿ, ‘ನಮ್ಮನೆ ತಮಂಗೆ. ಸೈಕಲ್ಲಿಂದ ಬಿದ್ದ. ಜೀವಕ್ಕೆ ಎಂತ ಇಲ್ಲೆ’ ಅನ್ನುತ್ತಿದ್ದ. ಟಾರ್ಚಿನ ಬೆಳಕು ಒಂದು ಸಲ ನನ್ನ ಮುಖದ ಮೇಲೆ ಓಡಾಡಿ ಹೋಗುತ್ತಿತ್ತು. ಒಬ್ಬ ಮುದುಕಿ ಸಮಾಧಾನದಿಂದ ನಕ್ಕೇಬಿಟ್ಟಳು. ನನಗೆ ಆಗ ಸಿಟ್ಟು ಬಂತು.

ಕೋಗಾರಿನ ಆಚೆ ಡ್ರೈವರು ಬೀಡಿಗೆ ನಿಲ್ಲಿಸಿದಾಗ ತಾನಾಗಿ ಹೇಳಿದ. ಆ ಜೀಪು ಅವನ ಅಪ್ಪನ ಕಾಲದ್ದು. ಆ ದಾರಿಯಲ್ಲಿ ರಾತ್ರಿ ಹೊತ್ತು ಅದು ಹೊರಟಿತು ಅಂದರೆ ಕಾರಣ ಮೂರೇ: ಹೆರಿಗೆ, ಹಾವು, ಎದೆನೋವು. ಹೋದವರಲ್ಲಿ ಎರಡು ಬಗೆ, ಕೂತು ವಾಪಸು ಬಂದವರು, ಮಲಗಿ ವಾಪಸು ಬಂದವರು. ‘ನಿಮ್ಮ ಅಮ್ಮಮ್ಮನ್ನ ನಮ್ಮಪ್ಪನೇ ಕರಕಂಡು ಹೋಗಿದ್ದು’ ಅಂದ. ಮಾವ ಏನೂ ಅನ್ನಲಿಲ್ಲ.

ಅಮ್ಮಮ್ಮ ತೀರಿಕೊಂಡಾಗ ನನಗೆ ಏಳು ವರ್ಷ. ಅಮ್ಮ ಅದನ್ನು ಹೇಳುವಾಗ ಯಾವತ್ತೂ ‘ದಾರಿಯಲ್ಲೇ ಹೋದಳು’ ಅನ್ನುತ್ತಾಳೆ. ಚಿಕ್ಕವನಿದ್ದಾಗ ಅದನ್ನು ನಾನು ತೀರಿಕೊಂಡಳು, ಸ್ವರ್ಗಕ್ಕೆ ಹೋದಳು ಎಂಬ ಹಾಗೆ ಸಾವಿಗೆ ಇರುವ ಇನ್ನೊಂದು ಮಾತು ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಆ ಮಾತನ್ನು ಬಿಚ್ಚಿ ನೋಡುವ ಪ್ರಸಂಗ ಬಂದಿರಲಿಲ್ಲ. ದಾರಿ ಅಂದರೆ ಈ ದಾರಿ. ಕಟ್ಟಿನಕಾರಿಗೂ ಕೋಗಾರಿಗೂ ನಡುವೆ ಎಲ್ಲೋ. ಹಿಂದಿನ ಚಳಿಗಾಲದಲ್ಲಿ ನಾನು ಅಲ್ಲಿ ಸೈಕಲ್ಲು ನಿಲ್ಲಿಸಿ ಕಿತ್ತಳೆ ಸುಲಿದು ತಿಂದಿದ್ದೆ, ಖಾಲಿ ರಸ್ತೆಯ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ್ದೆ.

ಮೂಳೆ ಕೂಡಿತು. ಆಮೇಲೆ ಒಂದು ವರ್ಷ ನಾನು ಆ ಕಡೆ ಸೈಕಲ್ ಒಯ್ಯಲಿಲ್ಲ. ಹೆದರಿಕೆ ಅಂತ ಎಲ್ಲರಿಗೂ ಹೇಳಿದೆ, ಅಷ್ಟೇ ಆಗಿರಲಿಲ್ಲ. ಮತ್ತೆ ಹೋದದ್ದು 2024ರ ಮೇ ತಿಂಗಳಲ್ಲಿ, ಮಾವನೇ ಫೋನು ಮಾಡಿ ಕರೆದದ್ದಕ್ಕೆ. ಹಿಂದಿನ ವರ್ಷ ಮಳೆ ಕೈಕೊಟ್ಟು ಹಿನ್ನೀರು ತುಂಬ ಇಳಿದಿತ್ತು. ‘ಅಪ್ಪನ ರಸ್ತೆ ಎದ್ದಿದ್ದು, ನೋಡಲೆ ಬಾ. ನಿನ್ನ ಸೈಕಲ್ಲೂ ತಗಂಡು ಬಾ’ ಅಂದ.

ಇಳಿದ ಹಿನ್ನೀರನ್ನು ನೋಡದವರಿಗೆ ಅದನ್ನು ಹೇಗೆ ಹೇಳುವುದು? ಮೇಲೆ ಹಸಿರು ಕಾಡು, ಅದರ ಕೆಳಗೆ ಗೆರೆ ಎಳೆದ ಹಾಗೆ ಒಂದು ಕೆಂಪು ಪಟ್ಟಿ, ಅದರ ಕೆಳಗೆ ಬೂದು ಬಣ್ಣದ ಕೆಸರು ಒಡೆದು ಚದರ ಚದರವಾದ ಬಯಲು. ಬಯಲಿನ ತುಂಬ ಕಪ್ಪಗಿನ ಮರದ ಬುಡಗಳು, ಅರವತ್ತು ವರ್ಷ ನೀರಿನಲ್ಲಿದ್ದೂ ಕೊಳೆಯದವು. ಎಲ್ಲ ಇಳಿದ ವರ್ಷಗಳಲ್ಲಿ ಆಚೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಮೇಲೆ ಬರುತ್ತದೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ್ದು ಅದು, ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿತು. ಮುಳುಗಿಸಲು ಬಂದ ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ಮುಳುಗಿಸಿದ ಕತೆಯನ್ನು ಸಾಗರದ ಕಡೆಯವರು ಹೇಳುವಾಗ ದನಿಯಲ್ಲಿ ಸ್ವಲ್ಪ ಖುಷಿ ಇರುತ್ತದೆ. ಮುಳುಗಡೆಯ ಬಗ್ಗೆ ನಾ. ಡಿಸೋಜ ಬರೆದರು, ಗಜಾನನ ಶರ್ಮರು ಬರೆದರು. ಮಾವ ಎರಡನ್ನೂ ಓದಿಲ್ಲ. ‘ಮುಳುಗಿದ್ದು ಯಂಗೆ ಗೊತ್ತಿದ್ದಲ’ ಎನ್ನುವುದು ಅವನ ಕಾರಣ.

ರಸ್ತೆ ನಿಜಕ್ಕೂ ಎದ್ದಿತ್ತು. ಸೊಪ್ಪಿನ ಬೆಟ್ಟದ ಬುಡದಿಂದ ನೇರ ಇಳಿದು, ಒಂದು ಕಡೆ ಅಂಚುಗಲ್ಲು ಸಾಲಾಗಿ ಹಾಗೇ ಇದ್ದು, ಒಂದು ಮೋರಿಯ ಮೇಲೆ ದಾಟಿ ಪೂರ್ವಕ್ಕೆ ಹೋಗಿತ್ತು. ಮೋರಿಯ ಕಲ್ಲುಗಳು ಒಂದೂ ಅಲುಗಿರಲಿಲ್ಲ. ನೀರಿಗೆ ಕೊಚ್ಚದೆ, ಗಾಡಿಗೆ ಸವೆಯದೆ, ಮೇಲೆ ಕೆಸರಿನ ಹೊದಿಕೆ ಹೊದ್ದು ಮಲಗಿದ್ದ ಆ ಜಂಬಿಟ್ಟಿಗೆ ನೆಲ ನಾನು ತುಳಿದ ಎಲ್ಲ ದಾರಿಗಳಿಗಿಂತ ಗಟ್ಟಿ. ಅಜ್ಜನಿಗೆ ಒಂದು ಹರ್ಕ್ಯುಲಿಸ್ ಸೈಕಲ್ಲಿತ್ತಂತೆ. ಬೆಳಗ್ಗೆ ಆಸರಿ ಕುಡಿದು ಹೊರಟರೆ ಈ ರಸ್ತೆಯಲ್ಲಿ ಸಾಗರಕ್ಕೆ ಹೋಗಿ, ಮಂಡಿಯಲ್ಲಿ ಮಾತಾಡಿ, ಮಧ್ಯಾಹ್ನ ಮೀರುವ ಮುಂಚೆ ಊಟಕ್ಕೆ ವಾಪಸು. ಮಾವನಿಗೆ ಆರು ವರ್ಷ ಆಗುವ ತನಕ. ಆಮೇಲೆ ಆ ಸೈಕಲ್ಲು ಎಲ್ಲಿಗೂ ಹೋಗಲಿಕ್ಕಿಲ್ಲದೆ ಕೊಟ್ಟಿಗೆಯ ಅಟ್ಟ ಸೇರಿತು. ಅಪ್ಪ ಅದನ್ನು ಮಾರಲಿಲ್ಲ, ನೀರು ಇಳಿದೀತು ಅಂತಲೋ ಏನೋ, ಅಂದ.

ಮಾವ ನನ್ನ ಸೈಕಲ್ಲು ಕೇಳಿದ. ಪಂಚೆ ಮೇಲೆ ಕಟ್ಟಿದ. ಸೀಟು ತಗ್ಗಿಸಿ ಕೊಟ್ಟೆ. ‘ಬ್ರೇಕು ಎಲ್ಲಿದ್ದು?’ ಅಂದ, ತೋರಿಸಿದೆ, ‘ಎಡದ್ದು ಹಿಡಿ, ಬಲದ್ದು ಬೇಡ’ ಅಂತ ಮೂರು ಸಲ ಹೇಳಿದೆ. ಅರವತ್ತಾರರ ಮನುಷ್ಯ ಒಂದೆರಡು ಸಲ ತೂರಾಡಿ, ಆಮೇಲೆ ಆಶ್ಚರ್ಯ ಪಡುವಷ್ಟು ನೆಟ್ಟಗೆ, ಮೋರಿ ದಾಟಿ ಹೋದ. ಮುಂದೆ ರಸ್ತೆ ನೀರಿನೊಳಗೆ ಇಳಿಯುವಲ್ಲಿ ಕಾಲೂರಿ ನಿಂತ. ನಾನು ನಡೆದು ಹೋಗಿ ಸೇರಿಕೊಂಡೆ. ನೀರು ತಿಳಿಯಾಗಿತ್ತು, ಅಂಚುಗಲ್ಲಿನ ಸಾಲು ನಾಲ್ಕೈದು ಮಾರು ಒಳಗಿನ ತನಕ ಕಾಣುತ್ತಿತ್ತು. ಎದುರಿಗೆ, ದೂರದಲ್ಲಿ, ಕಳಸವಳ್ಳಿ ದಿಕ್ಕಿನಲ್ಲಿ, ಸೇತುವೆ ಕೆಲಸದ ಕ್ರೇನಿನ ತಲೆ. ‘ಅವರು ಮೇಲೆ ಕಟ್ಟುತ್ತಾ ಇದ್ದ. ಇದು ಕೆಳಗೇ ಇತ್ತು’ ಅಂದ ಮಾವ.

ಸೇತುವೆಯ ಬಗ್ಗೆ ನಾನು ಒಂದು ತಪ್ಪೊಪ್ಪಿಗೆ ಬರೆಯಬೇಕು. 2018ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತ್ತು. ಅಲ್ಲಿ ಸೈಕಲ್ ತುಳಿದ ಮೊದಲ ಚಳಿಗಾಲದಿಂದಲೂ ಅದು ಮುಗಿಯದಿರಲಿ ಅಂತ ನನ್ನ ಒಳಗೆ ಒಂದು ಸಣ್ಣ ಆಸೆ ಇತ್ತು. ನಮ್ಮ ಸೈಕಲ್ ಗೆಳೆಯರಲ್ಲಿ ಒಬ್ಬ ‘ಸೇತುವೆ ಆಗೋ ಮೊದಲೇ ಆ ದಾರಿ ಎಲ್ಲ ತುಳಿದುಬಿಡೋಣ, ಆಮೇಲೆ ಹಾಳು’ ಅಂದಾಗ ನಾನು ಹೌದೆಂದು ತಲೆಯಾಡಿಸಿದ್ದೆ. ಆ ಜೀಪಿನ ರಾತ್ರಿಯ ನಂತರವೂ ಆ ಆಸೆ ಪೂರ್ತಿ ಸಾಯಲಿಲ್ಲ ಎನ್ನುವುದೇ ನನಗೆ ಹೆಚ್ಚು ನಾಚಿಕೆ. ಅಮ್ಮಮ್ಮ ಸತ್ತ ದಾರಿ ಅಂತ ಗೊತ್ತಾದ ಮೇಲೂ ಖಾಲಿ ರಸ್ತೆ ಕಂಡರೆ ಕಾಲು ತುಳಿಯಲು ತವಕಿಸುತ್ತದೆ. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು, ಉದ್ದ 2.44 ಕಿಲೋಮೀಟರ್. ಮರುವಾರ ಅತ್ತೆ ವಿಡಿಯೋ ಕರೆ ಮಾಡಿದಳು. ಮಳೆ, ಗಾಳಿ, ಸೆರಗಿನ ತುದಿ, ಒಂದು ಕಡೆ ಮೇಲಕ್ಕೆ ಹೋದ ದಪ್ಪ ತಂತಿಗಳು, ಅವಳ ಅರ್ಧ ಮುಖ. ‘ಕೊಡೆ ನಿಲ್ತಿಲ್ಲೆ!’ ಎಂದು ಕೂಗಿದಳು. ನಡೆದೇ ದಾಟುತ್ತೇನೆ ಅಂತ ಹಟ ಹಿಡಿದು ಮಾವನನ್ನು ಸ್ಕೂಟರಿನಲ್ಲಿ ಹಿಂದೆ ಹಿಂದೆ ಬರಲಿಕ್ಕೆ ಹೇಳಿದ್ದಳಂತೆ.

ಡಿಸೆಂಬರಿನಲ್ಲಿ ನಾನು ಹೋದೆ. ಸೈಕಲ್ಲಿನಲ್ಲಿ ಸೇತುವೆ ದಾಟಿದೆ, ನಿಧಾನವಾಗಿ ಹೋದರೂ ಹತ್ತು ನಿಮಿಷ ಆಗಲಿಲ್ಲ. ಕಡವಿನಲ್ಲಿ ಕಾಯುವ ಸಾಲಿರಲಿಲ್ಲ, ಸೈಕಲ್ಲಿಗೆ ಎಷ್ಟು ಕೊಟ್ರಿ ಅಂತ ಕೇಳುವವರೂ ಇರಲಿಲ್ಲ. ಸಿಗಂದೂರಿನ ಮುಖ್ಯ ರಸ್ತೆಯಲ್ಲಿ ಗಾಡಿಗಳು ಈಗ ಲಾಂಚಿನ ಲೆಕ್ಕಕ್ಕೆ ಬರುವುದಿಲ್ಲ, ಬಿಡುವಿಲ್ಲದೆ ಬರುತ್ತವೆ. ನನ್ನ ಹೆಗಲು ಹಳೆಯ ಅಭ್ಯಾಸದಂತೆ ಬಿಗಿಯಿತು. ಮಾವನ ಮನೆಯ ಕರಿನಾಯಿ ಸತ್ತಿತ್ತು. ಒಂಬತ್ತು ವರ್ಷ ರಸ್ತೆಯ ಮಧ್ಯೆ ಮಲಗಿ ಅಭ್ಯಾಸವಾದ ನಾಯಿ, ಏಳಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾವ ಅದನ್ನು ಹೇಳಿ, ಸ್ವಲ್ಪ ತಡೆದು, ಸಾಗರದಲ್ಲಿ ಎರಡು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿದ್ದ ಬಿ.ಪಿ.ಯನ್ನು ಈಗ ತಿಂಗಳಿಗೊಮ್ಮೆ ತೋರಿಸುತ್ತಿದ್ದೇನೆ ಅಂದ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದ.

ಒಳಗಿನ ದಾರಿಗಳು ಹಾಗೇ ಇದ್ದವು. ಮರುದಿನ ಬೆಳಗ್ಗೆ ಎಣ್ಣೆ ಬಳಿದುಕೊಂಡು ಹೊರಟೆ. ನಾನು ಬಿದ್ದ ತಿರುವಿನಲ್ಲಿ ಇಳಿದು ನಡೆದೆ. ಸೊಪ್ಪಿನ ಬೆಟ್ಟದ ಕೆಳಗೆ ಹಿನ್ನೀರು ತುಂಬಿ, ಅಜ್ಜನ ರಸ್ತೆ ಮತ್ತೆ ಮುಳುಗಿತ್ತು. ಎಷ್ಟು ಗಾಡಿ ಎದುರಾದವು ಅಂತ ಈ ಸಲ ಎಣಿಸಲಿಲ್ಲ.

ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೊಯ್ಲಿನ ಕಾಲ, ಅತ್ತೆ, ಪಕ್ಕದ ಮನೆಯ ಮೂವರು ಹೆಂಗಸರು, ಎಲ್ಲರೂ ಮೆಟ್ಟುಗತ್ತಿಯ ಮುಂದೆ ಸಾಲಾಗಿ. ನಾನು ಸಿಪ್ಪೆ ಬುಟ್ಟಿಗೆ ತುಂಬುತ್ತಿದ್ದೆ. ಹತ್ತೂವರೆ ದಾಟಿರಬೇಕು. ಕೆಳಗಿನ ರಸ್ತೆಯಲ್ಲಿ ಇಂಜಿನ್ ಸದ್ದು ಕೇಳಿಸಿತು. ನಾನು ತಲೆಯೆತ್ತಿದೆ. ಬೆಳಕು ತೋಟದ ತಲೆಯನ್ನು ಒಂದು ಸಲ ಸವರಿ, ತಿರುವಿನಲ್ಲಿ ಕಾಣದಾಗಿ, ಮತ್ತೆ ಆಚೆ ಬೆಟ್ಟದಲ್ಲಿ ಕಂಡು ಹೋಯಿತು. ಆ ಕಡೆಯ ಮನೆಗಳಲ್ಲಿ ಯಾವ ದೀಪವೂ ಹೊಸದಾಗಿ ಹತ್ತಲಿಲ್ಲ. ಜಗಲಿಯಲ್ಲಿ ಕತ್ತಿಗಳ ಸದ್ದು ನಿಲ್ಲಲಿಲ್ಲ.

‘ಯಾರಿಗೆ?’ ಅಂತ ನಾನೇ ಕೇಳಿದೆ.

ಅತ್ತೆ ಕೈಯಲ್ಲಿದ್ದ ಅಡಿಕೆಯನ್ನು ಸುಲಿದು ಬುಟ್ಟಿಗೆ ಹಾಕಿದಳು. ‘ಯಾರಿಗೂ ಅಲ್ಲ ತಮಾ,’ ಅಂದಳು, ‘ಯಾರೋ ಪೇಟೆಯಿಂದ ಬಂದ.’

ಇನ್ನೊಂದು ಅಡಿಕೆ ತೆಗೆದುಕೊಂಡಳು.